ಹಳೆಯ ಗೇಮ್ ಪೆಟ್ಟಿಗೆಗೆ ಹೊಸ ಕರೆಂಟು: ಗರಗಸ ಎತ್ತುವ ಮೊದಲು

ನಮ್ಮ ಮನೆಗಳ ಅಟ್ಟ ಹುಡುಕಿದರೆ ಒಂದಾದರೂ ಗಲ್ಫ್ ಸಾಮಾನು ಸಿಗದೆ ಇರುವುದಿಲ್ಲ. ಯಾರೋ ಕಾಕ ದಮಾಮಿನಿಂದಲೋ ಶಾರ್ಜಾದಿಂದಲೋ ಹೊತ್ತು ತಂದ ಟೂ-ಇನ್-ವನ್, ಬೆನ್ನು ಉಬ್ಬಿದ ಕಲರ್ ಟಿವಿ, ಕ್ಯಾಸೆಟ್ ನುಂಗಿ ಸುಮ್ಮನಾದ ವಿಸಿಆರ್. ಗುಜರಿಯವ ಗೇಟಿನ ಹತ್ತಿರ ಬಂದಾಗಲೆಲ್ಲ "ಕೊಟ್ಟು ಬಿಡುವಾ" ಅಂತ ಒಬ್ಬರು, "ಇರಲಿ, ಅದು ಇದ್ದಲ್ಲಿ ಇರಲಿ" ಅಂತ ಉಮ್ಮ. ಮೂರನೆಯ ದಾರಿಯೊಂದಿದೆ, ಸರಿ ಮಾಡಿಸುವುದು. ಆದರೆ ಸರಿ ಮಾಡುವುದು ಅಂದರೆ ಎಷ್ಟು ಸರಿ ಮಾಡುವುದು? ಟೂ-ಇನ್-ವನ್‌ನ ಹೊಟ್ಟೆಯೊಳಗಿನದ್ದೆಲ್ಲ ಕಿತ್ತು ಬಿಸಾಡಿ ಒಳಗೆ ಬ್ಲೂಟೂತ್ ಸ್ಪೀಕರ್ ಕೂರಿಸಿದರೆ ಹಾಡು ಬರುತ್ತದೆ, ನಿಜ. ಕಾಕ ತಂದ ಟೂ-ಇನ್-ವನ್ ಅದೇನಾ?

ಈ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ಜಗಳ ಮಾಡಿದ ಒಂದು ಕೂಟ ಇದೆ. ಅಮೆರಿಕದಲ್ಲಿ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಗಳನ್ನು, ಅಂದರೆ ನಾಣ್ಯ ಹಾಕಿ ನಿಂತುಕೊಂಡು ಆಡುವ ಕಪಾಟಿನಂಥ ಯಂತ್ರಗಳನ್ನು, ರಿಪೇರಿ ಮಾಡುವವರು. ಅವರ ಜಗಳದಿಂದ ಕೆಲವು ಒಳ್ಳೆಯ ಪಾಠಗಳೂ ಹುಟ್ಟಿವೆ. ಮೊಬೈಲ್ ರಿಪೇರಿ ಕಲಿತ ಹುಡುಗರು ನಮ್ಮ ಮನೆಗಳಲ್ಲಿ ಬೇಕಾದಷ್ಟು ಇದ್ದಾರಲ್ಲ, ಅವರಾದರೂ ಇದನ್ನು ಪೂರ್ತಿ ಓದಬೇಕು.

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಪ್ಯಾಕ್‌ಮ್ಯಾನ್ ಪೆಟ್ಟಿಗೆಯನ್ನೇ ತೆಗೆದುಕೊಳ್ಳುವಾ. ಬಾಯಿ ತೆರೆದ ಹಳದಿ ರೊಟ್ಟಿಯಂಥದ್ದೊಂದು ಚುಕ್ಕಿಗಳನ್ನು ತಿನ್ನುತ್ತಾ ಓಡುತ್ತದೆ, ನಾಲ್ಕು ಬಣ್ಣದ ಭೂತಗಳು ಅದನ್ನು ಅಟ್ಟಿಸಿಕೊಂಡು ಬರುತ್ತವೆ. ಮೊಬೈಲಿನಲ್ಲಿ ಇದರ ನಕಲು ಆಡದ ಮಕ್ಕಳು ಕಡಿಮೆ. ಇದನ್ನು ಮಾಡಿದ್ದು ಜಪಾನಿನ ನಾಮ್ಕೊ ಕಂಪೆನಿ, 1980ರಲ್ಲಿ. ಯೋಜನೆ ತೋರು ಇವಾತಾನಿ ಎಂಬವರದು, ಆಗ ಅವರಿಗೆ 25 ವರ್ಷ. ಬಾಯಿ ಪಕಪಕನೆ ತೆರೆದು ಮುಚ್ಚುವುದಕ್ಕೆ ಜಪಾನಿ ಭಾಷೆಯಲ್ಲಿ 'ಪಕು ಪಕು' ಅನ್ನುತ್ತಾರೆ, ಅದರಿಂದ ಅಲ್ಲಿ ಇಟ್ಟ ಹೆಸರು ಪಕ್‌ಮ್ಯಾನ್. ಅಮೆರಿಕಕ್ಕೆ ಬರುವಾಗ, ತುಂಟ ಹುಡುಗರು ಇಂಗ್ಲಿಷಿನ ಮೊದಲ ಅಕ್ಷರವನ್ನು ಕೆರೆದು ಕೆಟ್ಟ ಮಾತು ಮಾಡಿಯಾರು ಎಂಬ ಹೆದರಿಕೆಯಿಂದ ಅದು ಪ್ಯಾಕ್‌ಮ್ಯಾನ್ ಆಯಿತು. ಅಮೆರಿಕದಲ್ಲಿ ಇದನ್ನು ತಯಾರಿಸಿದ್ದು ಮಿಡ್‌ವೇ ಕಂಪೆನಿ. ಎರಡೇ ವರ್ಷದಲ್ಲಿ ಒಂದು ಲಕ್ಷದ ಹತ್ತಿರ ಪೆಟ್ಟಿಗೆಗಳು ಹೋಟೆಲು, ಅಂಗಡಿ, ಬಸ್ ನಿಲ್ದಾಣಗಳಿಗೆ ಹೋದವು. 25 ಸೆಂಟಿನ ಒಂದು ನಾಣ್ಯಕ್ಕೆ ಮೂರು ಜೀವ. ಜೀವ ಹೋದರೆ ಆಟ ಮುಗಿಯಿತು, ಹಿಂದೆ ಸಾಲಿನಲ್ಲಿ ನಿಂತವನಿಗೆ ಜಾಗ ಬಿಡಬೇಕು. (ಈಗಿನ ಮೊಬೈಲ್ ಗೇಮಿಗೆ ಈ ಮರ್ಯಾದೆ ಇಲ್ಲ ನೋಡಿ, ಮುಗಿಯುವುದೇ ಇಲ್ಲ.)

ಅಷ್ಟೆಲ್ಲ ಪೆಟ್ಟಿಗೆಗಳು ಈಗ ಎಲ್ಲಿವೆ? ಬಹಳಷ್ಟನ್ನು ಎಂಬತ್ತರ ದಶಕದಲ್ಲೇ ಮಾಲೀಕರು ಕೊಂದರು. ಪ್ಯಾಕ್‌ಮ್ಯಾನಿನ ಕಲೆಕ್ಷನ್ ಇಳಿದ ಕೂಡಲೇ ಬದಿಯ ಹಳದಿ ಚಿತ್ರದ ಮೇಲೆ ಕಪ್ಪು ಬಣ್ಣ ಬಳಿದು, ಒಳಗೆ ಬೇರೆ ಗೇಮಿನ ಬೋರ್ಡು ಹಾಕಿ ಮತ್ತೆ ದುಡಿಸಿದರು. ಅವರನ್ನು ದೂರಿ ಪ್ರಯೋಜನ ಇಲ್ಲ, ಅದು ಅವರ ಅಂಗಡಿಯ ಹೊಟ್ಟೆಪಾಡು. ಉಳಿದವು ಗೋದಾಮಿನಲ್ಲಿ, ಗ್ಯಾರೇಜಿನಲ್ಲಿ ಕೂತವು. ಈಗ ಯಾರಾದರೂ ಒಂದನ್ನು ಮನೆಗೆ ತಂದರೆ ಅದರ ಸ್ಥಿತಿ ಹೆಚ್ಚುಕಡಿಮೆ ಹೀಗಿರುತ್ತದೆ: ನೂರು ಕಿಲೋ ಮೀರಿದ ತೂಕ, ಬುಡದ ಹಲಗೆ ನೀರು ಕುಡಿದು ಬಿಸ್ಕೆಟಿನ ಹಾಗೆ ಉಬ್ಬಿದೆ. ಯಾಕೆಂದರೆ ಅಂಗಡಿಯವರು ದಿನಾ ರಾತ್ರಿ ನೆಲ ಒರೆಸುವಾಗ ಒದ್ದೆ ಬಟ್ಟೆ ಅದರ ಕಾಲಿಗೆ ತಾಗುತ್ತಿತ್ತು. ಒಳಗೆ ಇಲಿಯ ಗೂಡು, ಕಪ್ಪಾದ ವಯರು, ಯಾರೋ ಫ್ಯೂಸಿನ ಜಾಗಕ್ಕೆ ಸುತ್ತಿದ ಸಿಗರೇಟಿನ ಪ್ಯಾಕಿನ ಬೆಳ್ಳಿ ಕಾಗದ. ಸ್ವಿಚ್ ಹಾಕಿದರೆ ಒಂದು ಗುಂಯ್ ಶಬ್ದ, ಮತ್ತೇನೂ ಇಲ್ಲ.

ಇಲ್ಲಿಂದ ಎರಡು ದಾರಿ. ಒಂದು ಸುಲಭದ್ದು. ಒಳಗಿನದ್ದೆಲ್ಲ ತೆಗೆದು ಬಿಸಾಡಿ, ಮೂರೂವರೆ ಇಂಚಿನ ರಾಸ್‌ಬೆರಿ ಪೈ ಕಂಪ್ಯೂಟರ್ ಇಟ್ಟು, ಎಲ್‌ಸಿಡಿ ಹಚ್ಚಿ, ಸಾವಿರ ಗೇಮ್ ತುಂಬಿಸುವುದು. ಶನಿವಾರ ಶುರು ಮಾಡಿದರೆ ಭಾನುವಾರ ಆಟ. ಇನ್ನೊಂದು ಕಷ್ಟದ್ದು, ಇರುವುದನ್ನೇ ಒಂದೊಂದಾಗಿ ಎಬ್ಬಿಸುವುದು. ನನಗೆ ಅರ್ಥವಾದ ಮಟ್ಟಿಗೆ ಒಳ್ಳೆಯ ರಿಪೇರಿಯವರು ಈ ಎರಡರಲ್ಲಿ ಒಂದನ್ನೇ ಹಿಡಿದು ಹಟ ಮಾಡುವುದಿಲ್ಲ. ಯಾವ ಭಾಗಕ್ಕೆ ಹೊಸದು, ಯಾವ ಭಾಗಕ್ಕೆ ಹಳೆಯದು ಎಂದು ವಿಂಗಡಿಸುತ್ತಾರೆ. ಅವರ ಒಂದೇ ಷರತ್ತು, ಮಾಡಿದ್ದನ್ನು ನಾಳೆ ಬಿಚ್ಚಿ ಮೊದಲಿನ ಹಾಗೆ ಮಾಡಲು ಆಗಬೇಕು.

ಮೊದಲು ಕರೆಂಟು

ಹೊಸದನ್ನು ಹಾಕಲು ಯಾರೂ ಹಿಂದೆಮುಂದೆ ನೋಡಬಾರದ ಜಾಗ ಅಂದರೆ ಕರೆಂಟಿನದ್ದು. ಪ್ಯಾಕ್‌ಮ್ಯಾನಿನ ಪೆಟ್ಟಿಗೆಯ ತಳದಲ್ಲಿ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ. ಅದು ಮನೆಯ ಕರೆಂಟನ್ನು ಸುಮಾರು 7 ವೋಲ್ಟಿಗೆ ಇಳಿಸಿ, ಎಸಿ ರೂಪದಲ್ಲೇ ಗೇಮಿನ ಬೋರ್ಡಿಗೆ ಕಳಿಸುತ್ತದೆ. ಅದನ್ನು ಡಿಸಿ ಮಾಡುವ ಕೆಲಸ ಬೋರ್ಡಿನ ಮೇಲೆಯೇ ನಡೆಯುತ್ತದೆ. ಬೋರ್ಡಿನ ಅಂಚಿನಲ್ಲಿ 44 ತಾಮ್ರದ ಹಲ್ಲುಗಳಿವೆ, ಕರೆಂಟು, ಚಿತ್ರ, ಶಬ್ದ ಎಲ್ಲವೂ ಅಲ್ಲಿಂದಲೇ ಹೋಗಿ ಬರಬೇಕು. ಕೆಲವು ಆಂಪಿಯರ್ ಕರೆಂಟು ದಿನಕ್ಕೆ ಹನ್ನೆರಡು ಗಂಟೆ ಆ ಸಣ್ಣ ಹಲ್ಲುಗಳಲ್ಲಿ ಹರಿದರೆ ಏನಾದೀತು? ಸ್ವಲ್ಪ ಸಡಿಲವಾದರೂ ಬಿಸಿಯಾಗುತ್ತದೆ, ಬಿಸಿಯಾದರೆ ಇನ್ನೂ ಸಡಿಲ, ಕೊನೆಗೆ ಕನೆಕ್ಟರೇ ಕರಟುತ್ತದೆ. ಹಳೆಯ ಪ್ಯಾಕ್‌ಮ್ಯಾನ್ ಬೋರ್ಡು ಕೈಗೆ ಬಂದರೆ ಆ ಅಂಚಿನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿರುವುದು ಮಾಮೂಲು.

ಇದಕ್ಕೆ ಈಗಿನ ಮದ್ದು ಎಸ್‌ಎಂಪಿಎಸ್. ಕಂಪ್ಯೂಟರ್ ರಿಪೇರಿಯವರಿಗೆಲ್ಲ ಗೊತ್ತಿರುವ ಅದೇ ಡಬ್ಬ. ಸರಿಯಾದ 5 ವೋಲ್ಟ್ ಕೊಡುತ್ತದೆ, ಬಿಸಿ ಕಡಿಮೆ, ಶಾರ್ಟ್ ಆದರೆ ತಾನೇ ಬಂದ್ ಆಗುತ್ತದೆ. ಇದನ್ನು ಹಾಕುವಾಗ ಹಳೆಯ ವಯರಿನ ಕಟ್ಟನ್ನು ಕತ್ತರಿಸಬೇಕಾಗಿಲ್ಲ. ನಡುವೆ ಒಂದು ಅಡಾಪ್ಟರ್ ಮಾಡಿ ಹಾಕಿದರೆ ಆಯಿತು, ನಾಳೆ ಬೇಡವಾದರೆ ಎಳೆದು ತೆಗೆಯಬಹುದು. ಟ್ರಾನ್ಸ್‌ಫಾರ್ಮರನ್ನೂ ಎಸೆಯಬಾರದು, ಅದಕ್ಕೆ ಇನ್ನೊಂದು ಕೆಲಸ ಇದೆ, ಮುಂದೆ ಹೇಳುತ್ತೇನೆ. ಮೂರು ಪಿನ್ನಿನ ಹೊಸ ಪ್ಲಗ್, ಸರಿಯಾದ ಅರ್ತಿಂಗ್, ಸರಿಯಾದ ಆಂಪಿಯರಿನ ಫ್ಯೂಸು, ಇವು ಕೂಡ ಹೊಸದೇ ಆಗಬೇಕು. ಹಿತ್ತಾಳೆಯ ಹಿಡಿಕೆ ಹಳೆಯದಿದ್ದರೆ ಚಂದ, ಅರ್ತಿಂಗ್ ಇಲ್ಲದ ವಯರು ಹಳೆಯದಿದ್ದರೆ ಚಂದ ಅಲ್ಲ.

ಮೇಲೆ ಹೆಸರಿನ ಫಲಕದ ಹಿಂದೆ ಇರುವ ಟ್ಯೂಬ್‌ಲೈಟಿಗೂ ಇದೇ ಮಾತು. ಹಳೆಯ ಟ್ಯೂಬಿನ ಬೆಳಕಿಗೂ ಶಾಖಕ್ಕೂ ಫಲಕದ ಬಣ್ಣ ವರ್ಷ ಕಳೆದಂತೆ ಮಾಸುತ್ತದೆ. ಎಲ್‌ಇಡಿ ಹಾಕಿದರೆ ಮಾಸುವುದು ಬಹಳ ಕಡಿಮೆ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸವೇ ತಿಳಿಯದು. ಅಚ್ಚ ಬಿಳಿಯ ಎಲ್‌ಇಡಿ ಬೇಡ, ಸ್ವಲ್ಪ ಹಳದಿ ಛಾಯೆಯದ್ದು ಹಾಕಿದರೆ ಸರಿ.

ಟ್ಯೂಬಿನ ಹತ್ತಿರ ಹುಷಾರ್

ಇನ್ನು ಪರದೆ. ದೊಡ್ಡ ಜಗಳ ಇರುವುದು ಇಲ್ಲೇ, ಜೀವಕ್ಕೆ ಅಪಾಯ ಇರುವುದೂ ಇಲ್ಲೇ.

ಪ್ಯಾಕ್‌ಮ್ಯಾನ್ ಪೆಟ್ಟಿಗೆಯಲ್ಲಿ 19 ಇಂಚಿನ ಪಿಕ್ಚರ್ ಟ್ಯೂಬ್ ಇದೆ. ಅದನ್ನು ಟಿವಿಯ ಹಾಗೆ ಅಡ್ಡಕ್ಕಲ್ಲ, ನೆಟ್ಟಗೆ ನಿಲ್ಲಿಸಿದ್ದಾರೆ. ಟಿವಿಯೊಳಗೆ ನಮ್ಮ ರಿಪೇರಿಯವರು ಎಲ್‌ಒಟಿ ಎನ್ನುವ ಭಾಗ ಇದೆಯಲ್ಲ, ಅಂಥದ್ದೇ ಇಲ್ಲಿಯೂ ಟ್ಯೂಬಿಗೆ 20 ಸಾವಿರ ವೋಲ್ಟಿನ ಆಸುಪಾಸಿನ ಕರೆಂಟು ಕೊಡುತ್ತದೆ. ಸ್ವಿಚ್ ತೆಗೆದು ಪ್ಲಗ್ ಕಿತ್ತರೂ ಆ ಚಾರ್ಜು ಗಾಜಿನ ಟ್ಯೂಬಿನಲ್ಲಿ ಉಳಿದುಕೊಳ್ಳುತ್ತದೆ, ಯಾಕೆಂದರೆ ಟ್ಯೂಬೇ ಒಂದು ದೊಡ್ಡ ಕಂಡೆನ್ಸರ್ ಇದ್ದ ಹಾಗೆ. ಮೊಬೈಲಿನ ಬೋರ್ಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಸೋಲ್ಡರ್ ಮಾಡುವ ಹುಡುಗ ಎಷ್ಟು ಜಾಣನಿದ್ದರೂ ಅವನು ಕೆಲಸ ಮಾಡಿದ್ದು 4-5 ವೋಲ್ಟಿನಲ್ಲಿ. ಇಲ್ಲಿ ಆ ಧೈರ್ಯ ತೋರಿಸಬಾರದು. ಟ್ಯೂಬನ್ನು ಡಿಸ್ಚಾರ್ಜ್ ಮಾಡುವುದನ್ನು ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರ ಪಕ್ಕ ನಿಂತು ಕಲಿಯಬೇಕು, ವಿಡಿಯೊ ನೋಡಿ ಅಲ್ಲ. ಟ್ಯೂಬಿನ ಕುತ್ತಿಗೆಗೆ ಪೆಟ್ಟಾದರೆ ಗಾಳಿ ಹೊಕ್ಕು ಅದರ ಕಥೆಯೇ ಮುಗಿಯುತ್ತದೆ, ಗಾಜು ಸಿಡಿದರೆ ಕಣ್ಣಿಗೆ ಬೀಳಬಹುದು.

ಇನ್ನೊಂದು ಅಪಾಯ ಹೊರಗಿನಿಂದ ಕಾಣುವುದಿಲ್ಲ. ಈ ಪೆಟ್ಟಿಗೆಗಳ ಮಾನಿಟರಿನ ಬೋರ್ಡಿಗೆ ಮನೆಯ ಕರೆಂಟಿನಿಂದ ಪ್ರತ್ಯೇಕಿಸುವ ವ್ಯವಸ್ಥೆ ಅದರೊಳಗೆ ಇಲ್ಲ. ಆ ಕೆಲಸ ಮಾಡುವುದು ತಳದಲ್ಲಿರುವ ಅದೇ ದೊಡ್ಡ ಟ್ರಾನ್ಸ್‌ಫಾರ್ಮರ್. "ಎಸ್‌ಎಂಪಿಎಸ್ ಬಂತಲ್ಲ, ಇದು ಯಾಕೆ" ಎಂದು ಟ್ರಾನ್ಸ್‌ಫಾರ್ಮರ್ ಕಿತ್ತು ಮಾನಿಟರಿಗೆ ಗೋಡೆಯ ಕರೆಂಟು ನೇರ ಕೊಟ್ಟರೆ, ಮಾನಿಟರಿನ ಲೋಹದ ಚೌಕಟ್ಟಿಗೇ ಕರೆಂಟು ಬರಬಹುದು. ಮುಟ್ಟಿದವನ ಗತಿ ಹೇಳಬೇಕಾಗಿಲ್ಲ. ಅಮೆರಿಕದ ಯಂತ್ರಗಳು 115-120 ವೋಲ್ಟಿನವು, ನಮ್ಮದೂ ಗಲ್ಫಿನ ಹೆಚ್ಚಿನ ಕಡೆಯದೂ 220-230. ಅಂಥದ್ದೇನಾದರೂ ಈ ಕಡೆ ಬಂದರೆ ವೋಲ್ಟೇಜ್ ಇಳಿಸುವ ಪ್ರತ್ಯೇಕ ಟ್ರಾನ್ಸ್‌ಫಾರ್ಮರೂ ಬೇಕಾಗುತ್ತದೆ.

ಇಷ್ಟು ಕಷ್ಟ ಯಾಕೆ, ಎಲ್‌ಸಿಡಿ ಹಾಕಿದರೆ ಮುಗಿಯಿತಲ್ಲ ಎಂದು ಕೇಳಬಹುದು. ಹಾಕಬಹುದು, ಹಾಕುವವರೂ ಬಹಳ. ಆಫೀಸುಗಳಿಂದ ಗುಜರಿಗೆ ಬರುವ 19 ಇಂಚಿನ ಹಳೆಯ ಚೌಕ ಎಲ್‌ಸಿಡಿಗಳು ಈ ಪೆಟ್ಟಿಗೆಗೆ ಹೆಚ್ಚುಕಡಿಮೆ ಹೊಂದುತ್ತವೆ. ಆದರೆ ಗೇಮಿನ ಬೋರ್ಡು ಸೆಕೆಂಡಿಗೆ ಸುಮಾರು 16 ಸಾವಿರ ಗೆರೆಗಳ ಲೆಕ್ಕದಲ್ಲಿ ಚಿತ್ರ ಕಳಿಸುತ್ತದೆ, ಕಂಪ್ಯೂಟರ್ ಮಾನಿಟರ್ ಕೇಳುವುದು ಕನಿಷ್ಠ 31 ಸಾವಿರ. ನಡುವೆ ಪರಿವರ್ತಕ ಬೇಕು. ಪರಿವರ್ತಕ ಚಿತ್ರವನ್ನು ಹಿಡಿದು, ನೆನಪಿನಲ್ಲಿಟ್ಟು, ಮತ್ತೆ ಕಳಿಸುವಷ್ಟರಲ್ಲಿ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆಯಾದರೂ ಒಂದಿಷ್ಟು ತಡ. ಆ ತಡದ ವಿಷಯ ಸಣ್ಣದಲ್ಲ, ಅದಕ್ಕೇ ಬರುತ್ತೇನೆ. ಅದಲ್ಲದೆ ಈ ಗೇಮಿನ ಚಿತ್ರ ಇರುವುದೇ 224 ಅಡ್ಡ, 288 ಉದ್ದದ ಚುಕ್ಕಿಗಳಲ್ಲಿ. ಟ್ಯೂಬಿನ ಮೇಲೆ ಆ ಚುಕ್ಕಿಗಳ ಅಂಚು ಮೆದುವಾಗಿ ಒಂದಕ್ಕೊಂದು ಸೇರಿ ಹಳದಿ ರೊಟ್ಟಿ ದುಂಡಗೆ ಕಾಣುತ್ತದೆ. ಎಲ್‌ಸಿಡಿಯಲ್ಲಿ ಅದೇ ರೊಟ್ಟಿ ಮೆಟ್ಟಿಲು ಮೆಟ್ಟಿಲಾಗಿ, ಯಾರೋ ಅಂಚು ಕಚ್ಚಿ ಬಿಟ್ಟ ಹಾಗೆ. ಚಿತ್ರ ಬರೆದವರು ಟ್ಯೂಬನ್ನು ಮನಸ್ಸಿನಲ್ಲಿಟ್ಟೇ ಬರೆದದ್ದು.

ಟ್ಯೂಬ್ ಉಳಿಸುವ ಕೆಲಸ ನಿಜವಾಗಿ ಅಷ್ಟೇನೂ ದುಬಾರಿಯಲ್ಲ. ಹತ್ತರಲ್ಲಿ ಎಂಟು ಸಲ ತೊಂದರೆ ಇರುವುದು ಮಾನಿಟರ್ ಬೋರ್ಡಿನ ಹಳೆಯ ಕಂಡೆನ್ಸರುಗಳಲ್ಲಿ ಎಂದು ಈ ಕೆಲಸದವರು ಲೆಕ್ಕ ಹೇಳದೆ ಬಾಯಿಮಾತಲ್ಲೇ ಹೇಳುವುದುಂಟು. ಅದು ಉತ್ಪ್ರೇಕ್ಷೆಯೇ ಇರಲಿ, ಒಳಗಿನ ದ್ರವ ಒಣಗಿದ ಕಂಡೆನ್ಸರಿನಿಂದ ಚಿತ್ರ ಕುಗ್ಗುವುದು, ಬದಿಗಳು ಬಾಗುವುದು, ಅಲುಗುವುದು ಎಲ್ಲ ಆಗುತ್ತದೆ. ಆಯಾ ಮಾದರಿಯ ಮಾನಿಟರಿಗೆ ಬೇಕಾದ ಅಷ್ಟೂ ಕಂಡೆನ್ಸರು ಒಂದೇ ಲಕೋಟೆಯಲ್ಲಿ ಮಾರಾಟಕ್ಕೆ ಸಿಗುತ್ತವೆ. ಒಂದೊಂದಾಗಿ ಬದಲಿಸಬೇಕು. ಪ್ಲಸ್ ಮೈನಸ್ ತಪ್ಪಬಾರದು, ತಪ್ಪಿದರೆ ಪಟಾಕಿ. ನಮ್ಮ ಅಟ್ಟದ ಟೂ-ಇನ್-ವನ್‌ಗೂ ಸಾಮಾನ್ಯವಾಗಿ ಇದೇ ಕಾಯಿಲೆ, ಜೊತೆಗೆ ರಬ್ಬರ್ ಬೆಲ್ಟು ಕರಗಿ ಅಂಟಾಗಿರುತ್ತದೆ ಅಷ್ಟೆ. ಕಡಲ ಗಾಳಿಯ ಉಪ್ಪು ನಮಗೆ ಹೆಚ್ಚುವರಿ.

ಪ್ಯಾಕ್‌ಮ್ಯಾನ್ ಟ್ಯೂಬಿಗೆ ಮಾತ್ರ ಇನ್ನೊಂದು ರೋಗ ಇದೆ. ಈ ಆಟದಲ್ಲಿ ಮೊದಲ ಹಂತದಿಂದ ಕೊನೆಯವರೆಗೂ ಒಂದೇ ನಕ್ಷೆ, ಅದೇ ನೀಲಿ ಗೋಡೆಗಳು. ವರ್ಷಾನುಗಟ್ಟಲೆ ಅದೇ ಗೆರೆಗಳು ಬಿದ್ದು ಬಿದ್ದು ಟ್ಯೂಬಿನ ಒಳಗಿನ ಪದರ ಸುಟ್ಟುಹೋಗಿ, ಸ್ವಿಚ್ ತೆಗೆದ ಮೇಲೂ ಗಾಜಿನಲ್ಲಿ ನಕ್ಷೆ ಕಾಣುತ್ತದೆ. ಇದಕ್ಕೆ ರಿಪೇರಿ ಇಲ್ಲ. ಅಮೆರಿಕದವರು ಯಾರೋ ರಸ್ತೆ ಬದಿಗಿಟ್ಟ 19 ಇಂಚಿನ ಟಿವಿಯನ್ನು ಹುಡುಕಿ, ಕುತ್ತಿಗೆಯ ಅಳತೆ ಹೊಂದಿದರೆ, ಅದರ ಟ್ಯೂಬನ್ನು ಇದಕ್ಕೆ ಕೂರಿಸುತ್ತಾರೆ. ಇಂಥ ಟ್ಯೂಬುಗಳ ದೊಡ್ಡ ಕಾರ್ಖಾನೆಗಳು ಮುಚ್ಚಿ ಕಾಲವಾಯಿತು, ಇರುವುದರಲ್ಲೇ ಸುಧಾರಿಸಬೇಕು. ಟ್ಯೂಬ್ ಪೂರ್ತಿ ಸತ್ತಿದ್ದರೆ, ಬೇರೆ ಸಿಗದಿದ್ದರೆ ಎಲ್‌ಸಿಡಿ ಹಾಕಿ, ತಪ್ಪಿಲ್ಲ. ಆದರೆ ಹಳೆಯ ಟ್ಯೂಬ್ ಕೂರುತ್ತಿದ್ದ ಕಬ್ಬಿಣದ ಚೌಕಟ್ಟನ್ನು ಗರಗಸ ಹಾಕಿ ಕೊಯ್ಯಬೇಡಿ. ಅದೇ ತೂತುಗಳಿಗೆ ಬೋಲ್ಟ್ ಹಾಕಿ ನಿಲ್ಲಿಸುವ ಹಾಗೆ ಒಂದು ಹಲಗೆ ಮಾಡಿಸಿಕೊಳ್ಳಬಹುದು.

ಬೋರ್ಡೋ, ಪೈಯೋ?

ಆಟದ ಮೆದುಳು ಇರುವ ಬೋರ್ಡನ್ನು ಏನು ಮಾಡುವುದು? ಅದರಲ್ಲಿರುವುದು ಜೈಲಾಗ್ ಕಂಪೆನಿಯ ಝಡ್-80 ಎಂಬ ಚಿಪ್. 1976ರಲ್ಲಿ ಬಂದ ಆ ಜಾತಿಯ ಚಿಪ್ಪನ್ನು ಇನ್ನು ಮಾಡುವುದಿಲ್ಲ ಎಂದು ಕಂಪೆನಿ ಹೇಳಿದ್ದು 2024ರಲ್ಲಿ. ಅಷ್ಟು ಗಟ್ಟಿ ಆಯುಷ್ಯ. ಪ್ಯಾಕ್‌ಮ್ಯಾನಿನ ಇಡೀ ಪ್ರೋಗ್ರಾಂ 16 ಕಿಲೋಬೈಟ್. ನಾವು ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸುವ ಒಂದು ಹೂವಿನ ಚಿತ್ರ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಈ ಹಳೆಯ ಬೋರ್ಡುಗಳ ಪ್ರೋಗ್ರಾಮನ್ನು ಕಂಪ್ಯೂಟರಿನಲ್ಲಿ ಓಡಿಸುವ ವಿದ್ಯೆಗೆ ಎಮ್ಯುಲೇಶನ್ ಎನ್ನುತ್ತಾರೆ. ಅದರಲ್ಲಿ ಹೆಸರಾದದ್ದು ಮೇಮ್ ಎಂಬ ತಂತ್ರಾಂಶ. ಇಟಲಿಯ ನಿಕೋಲಾ ಸಾಲ್ಮೋರಿಯಾ ಅದನ್ನು 1997ರಲ್ಲಿ ಹೊರತಂದರು, ಅದರ ಬೇರು ಇರುವುದೂ ಪ್ಯಾಕ್‌ಮ್ಯಾನ್ ಜಾತಿಯ ಆಟಗಳಲ್ಲೇ. ಇವತ್ತು ಸಾವಿರಾರು ಯಂತ್ರಗಳ ನಡತೆಯನ್ನು ಅದು ದಾಖಲಿಸಿಟ್ಟಿದೆ. ಮೂಲ ಬೋರ್ಡು ಸತ್ತುಹೋದ ಎಷ್ಟೋ ಆಟಗಳು ಉಳಿದದ್ದು ಅದರಿಂದ. ಹಾಗಾಗಿ "ಪೈ ಹಾಕಿದವ ಪಾಪಿ" ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಆದರೂ ಪೈಗೆ ಕೆಲವು ಚಾಳಿಗಳಿವೆ. ಹಳೆಯ ಬೋರ್ಡು ಸ್ವಿಚ್ ಹಾಕಿದ ಕೆಲವು ಸೆಕೆಂಡಿನಲ್ಲಿ ಆಟಕ್ಕೆ ಸಿದ್ಧ, ಅಂಗಡಿಯವ ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸಿ ಹೋಗುತ್ತಿದ್ದ. ಪೈ ಎದ್ದೇಳಲು ಸಮಯ ಬೇಕು, ಸ್ವಿಚ್ ಥಟ್ಟನೆ ಆರಿಸಿದರೆ ಮೆಮೊರಿ ಕಾರ್ಡು ಕೆಡುವ ಭಯ. ಮತ್ತೆ ಆ ತಡದ ವಿಷಯ. ಈ ಆಟದ ಚಿತ್ರ ಸೆಕೆಂಡಿಗೆ 60ಕ್ಕೂ ಸ್ವಲ್ಪ ಹೆಚ್ಚು ಸಲ ಬದಲಾಗುತ್ತದೆ. ಪೈಯಲ್ಲಿ ಹಿಡಿಕೆ ತಿರುಗಿಸಿದ್ದನ್ನು ಓದಿ, ಲೆಕ್ಕ ಹಾಕಿ, ಎಲ್‌ಸಿಡಿಗೆ ಕಳಿಸುವಷ್ಟರಲ್ಲಿ ಎರಡು ಮೂರು ಚಿತ್ರ ಹಿಂದೆ ಬೀಳಬಹುದು. ಸರಿಯಾಗಿ ಹೊಂದಿಸಿದರೆ ಕಡಿಮೆ ಮಾಡಬಹುದು, ಪೂರ್ತಿ ಇಲ್ಲವಾಗಿಸುವುದು ಕಷ್ಟ.

ಎರಡು ಮೂರು ಚಿತ್ರ ಅಂದರೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಅಷ್ಟರಿಂದ ಏನು? ಪ್ಯಾಕ್‌ಮ್ಯಾನ್ ಗೊತ್ತಿದ್ದವರನ್ನು ಕೇಳಿ. ನಾಲ್ಕು ಭೂತಗಳೂ ಅದೃಷ್ಟದ ಮೇಲೆ ಓಡುವುದಿಲ್ಲ. ಕೆಂಪು ನೇರ ನಿಮ್ಮ ಬೆನ್ನಿಗೆ. ಗುಲಾಬಿ ನೀವಿರುವ ಜಾಗಕ್ಕಲ್ಲ, ನಿಮ್ಮ ಮುಂದೆ ನಾಲ್ಕು ಚೌಕ ಆಚೆಗೆ ಗುರಿ ಇಡುತ್ತದೆ. ತಿಳಿನೀಲಿ ಕೆಂಪು ಎಲ್ಲಿದೆ ಎಂದು ನೋಡಿ ಲೆಕ್ಕ ಹಾಕುತ್ತದೆ. ಕಿತ್ತಳೆ ದೂರದಿಂದ ಅಟ್ಟಿ ಬರುತ್ತದೆ, ಹತ್ತಿರ ಬಂದ ಮೇಲೆ ತಾನೇ ಹೆದರಿ ಮೂಲೆಗೆ ಓಡುತ್ತದೆ. ನೀವು ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಹೋದರೆ ಅವೂ ಪ್ರತಿ ಸಲ ಅದೇ ದಾರಿಯಲ್ಲಿ ಬರುತ್ತವೆ. ಅದಕ್ಕೇ ಎಂಬತ್ತರ ದಶಕದಲ್ಲಿ ಜನ ಈ ದಾರಿಗಳ ನಕ್ಷೆ ಬರೆದು, ಪುಸ್ತಕ ಮಾಡಿ ಮಾರಿದರು. ಆ ದಾರಿ ಬಾಯಿಪಾಠವಾಗಿರುವುದು ತಲೆಗಲ್ಲ, ಕೈಗೆ. ತಿರುವಿಗೆ ಸ್ವಲ್ಪ ಮೊದಲೇ ಹಿಡಿಕೆ ತಿರುಗಿಸಿದರೆ ಪ್ಯಾಕ್‌ಮ್ಯಾನ್ ಮೂಲೆ ಕತ್ತರಿಸಿ ಹೋಗುತ್ತಾನೆ, ಭೂತಗಳಿಗೆ ಆ ಸವಲತ್ತಿಲ್ಲ. ಯಂತ್ರ ತಡ ಮಾಡಿದರೆ ಆ ಲಾಭ ಹೋಯಿತು, ನಕ್ಷೆ ತಪ್ಪಿತು, ನಲವತ್ತು ವರ್ಷದ ಹಿಂದೆ ಕಲಿತ ಕೈ ತನ್ನದೇ ಆಟದಲ್ಲಿ ಸೋತಿತು. ನೋಡಲು ಎಲ್ಲವೂ ಅದೇ, ಆಡಲು ಅದೇ ಅಲ್ಲ.

ಇದರ ಮಧ್ಯದ ದಾರಿ ಎಫ್‌ಪಿಜಿಎ ಎಂಬ ಚಿಪ್. ಅದರೊಳಗಿನ ಜೋಡಣೆಯನ್ನೇ ಹಳೆಯ ಬೋರ್ಡಿನ ಹಾಗೆ ಬದಲಿಸಿ ಕೂರಿಸಬಹುದು. ಪ್ರೋಗ್ರಾಂ ಇನ್ನೊಂದರ ನಟನೆ ಮಾಡುವ ಬದಲು ಸರ್ಕ್ಯೂಟೇ ಹಳೆಯ ಸರ್ಕ್ಯೂಟಿನ ರೂಪ ತಾಳುತ್ತದೆ, ತಡ ಬಹಳ ಕಡಿಮೆ, ಹಳೆಯ ಟ್ಯೂಬಿಗೂ ನೇರ ಚಿತ್ರ ಕೊಡಬಹುದು. ಮಿಸ್ಟರ್ ಎಂಬ ಹೆಸರಿನ ಹವ್ಯಾಸಿಗಳ ಯೋಜನೆ ಇದರಲ್ಲಿ ಮುಂದಿದೆ. ಇನ್ನೂ ಸಣ್ಣ ಉಪಕಾರವೂ ಇದೇ ವಿದ್ಯೆಯಿಂದ ಆಗಿದೆ. ಪ್ಯಾಕ್‌ಮ್ಯಾನ್ ಬೋರ್ಡಿನಲ್ಲಿ ನಾಮ್ಕೊ ತನಗಾಗಿಯೇ ಮಾಡಿಸಿದ ಎರಡು ಭಾಗಗಳಿವೆ, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅವು ಕೆಟ್ಟರೆ ಮೊದಲು ಬೋರ್ಡು ಗುಜರಿಗೆ. ಈಗ ಹೊಸ ಚಿಪ್ಪಿನಲ್ಲಿ ಅವುಗಳ ಬದಲಿ ಮಾಡಿ ಅದೇ ಸಾಕೆಟ್ಟಿಗೆ ಚುಚ್ಚುತ್ತಾರೆ, ಉಳಿದ ಬೋರ್ಡೆಲ್ಲ ಹಳೆಯದೇ. ಮೂಲ ಯಂತ್ರಕ್ಕೆ ಕರೆಂಟು ಹೋದರೆ ಹೆಚ್ಚಿನ ಸ್ಕೋರು ಮರೆತುಹೋಗುತ್ತಿತ್ತು. ಅದನ್ನು ನೆನಪಿಡುವ ಸಣ್ಣ ಕಾರ್ಡನ್ನೂ ಝಡ್-80ರ ಸಾಕೆಟ್ಟಿನಲ್ಲೇ ಹಾಕಬಹುದು. ಹೊಸ ಎಲೆಕ್ಟ್ರಾನಿಕ್ಸ್ ಹಳೆಯದಕ್ಕೆ ಊರುಗೋಲಾಗುವುದು ಅಂದರೆ ಇದು.

"60 ಗೇಮ್ ಒಂದರಲ್ಲೇ" ಎಂಬ ಅಗ್ಗದ ಬೋರ್ಡುಗಳೂ ಬರುತ್ತವೆ. ಅವು ಜಾಮಾ ಎಂಬ, ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನಲ್ಲಿ ನಿಗದಿಯಾದ 56 ಹಲ್ಲಿನ ಕನೆಕ್ಟರಿನವು. ಹಾಕುವುದಿದ್ದರೆ ಅಡಾಪ್ಟರ್ ಸಾಕು, ವಯರು ಕತ್ತರಿಸುವುದು ಬೇಡ. ಆದರೆ ಅದರಲ್ಲಿ ತುಂಬಿರುವ ಆಟಗಳಿಗೆ ಒಡೆಯರಿದ್ದಾರೆ, ಹೆಚ್ಚಿನವಕ್ಕೆ ಅನುಮತಿ ಪಡೆದಿರುವುದಿಲ್ಲ. ಇನ್ನೊಬ್ಬರ ಹಕ್ಕಿನ ವಿಷಯ, ಅಗ್ಗ ಎಂದ ಮಾತ್ರಕ್ಕೆ ಕಣ್ಣು ಮುಚ್ಚುವಂಥದ್ದಲ್ಲ.

ಆಟ ಇರುವುದು ಪ್ರೋಗ್ರಾಮಿನಲ್ಲೋ ಪೆಟ್ಟಿಗೆಯಲ್ಲೋ ಎಂಬ ಬಗ್ಗೆ ದೊಡ್ಡವರಲ್ಲೂ ಒಮ್ಮತ ಇಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ಪ್ಯಾಕ್‌ಮ್ಯಾನನ್ನು ತನ್ನ ಸಂಗ್ರಹಕ್ಕೆ ಸೇರಿಸಿತು. ಪ್ರದರ್ಶನಕ್ಕೆ ಇಟ್ಟಾಗ ಹಳದಿ ಪೆಟ್ಟಿಗೆ ಇರಲಿಲ್ಲ, ಗೋಡೆಯಲ್ಲಿ ಪರದೆ, ಮುಂದೆ ಹಿಡಿಕೆ, ಅಷ್ಟೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಲಕೋನಿಯಾದಲ್ಲಿ ಫನ್‌ಸ್ಪಾಟ್ ಎಂಬ ಜಾಗ ಇದೆ, ಅಲ್ಲಿ ನೂರಾರು ಹಳೆಯ ಪೆಟ್ಟಿಗೆಗಳನ್ನು ಇದ್ದ ಹಾಗೇ ಸಾಲಾಗಿ ನಿಲ್ಲಿಸಿ, ಬಂದವರಿಗೆ ನಾಣ್ಯ ಹಾಕಿ ಆಡಲು ಬಿಡುತ್ತಾರೆ. ನನ್ನನ್ನು ಕೇಳಿದರೆ ನಾನು ಫನ್‌ಸ್ಪಾಟಿನ ಪಕ್ಷ.

ಕೈ ತಾಗುವ ಜಾಗ, ಕಣ್ಣು ತಾಗುವ ಜಾಗ

ಹಿಡಿಕೆಯಲ್ಲಿ ತುಂಬ ಜನ ಎಡವುತ್ತಾರೆ. ಪ್ಯಾಕ್‌ಮ್ಯಾನಿನ ಹಿಡಿಕೆ ನಾಲ್ಕೇ ದಿಕ್ಕಿಗೆ ಹೋಗುವಂಥದ್ದು, ಮೇಲೆ ಕೆಳಗೆ ಎಡ ಬಲ. ಈಗ ಪೊಟ್ಟಣದಲ್ಲಿ ಸಿಗುವ ಹಿಡಿಕೆಗಳು ಎಂಟು ದಿಕ್ಕಿನವು, ಮೂಲೆಗೂ ವಾಲುತ್ತವೆ. ಅದನ್ನು ಹಾಕಿದರೆ ತಿರುವಿನಲ್ಲಿ ಹಿಡಿಕೆ ಎರಡು ದಿಕ್ಕನ್ನು ಒಟ್ಟಿಗೆ ಒತ್ತಿ ಪ್ಯಾಕ್‌ಮ್ಯಾನ್ ಗೋಡೆಗೆ ಅಂಟಿ ನಿಲ್ಲುತ್ತಾನೆ. ಮನೆಯವರು "ಆಗ ಚೆನ್ನಾಗಿತ್ತು, ಈಗ ಏನೋ ಸರಿ ಇಲ್ಲ" ಅನ್ನುತ್ತಾರೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಮೂಲ ಹಿಡಿಕೆಯೊಳಗೆ ಇರುವುದು ತೆಳ್ಳಗಿನ ಲೋಹದ ಎರಡು ಎಲೆಗಳು, ಒಂದಕ್ಕೊಂದು ತಾಗಿದರೆ ಸಿಗ್ನಲ್. ಅದರಲ್ಲಿ ಟಿಕ್ ಟಿಕ್ ಶಬ್ದವಿಲ್ಲ. ಕೊಳೆ ತೆಗೆದು ಎಲೆಗಳನ್ನು ಸ್ವಲ್ಪ ಬಾಗಿಸಿದರೆ ಸಾಮಾನ್ಯವಾಗಿ ಮತ್ತೆ ನಡೆಯುತ್ತದೆ.

ಈ ಆಟಕ್ಕೆ ಗುಂಡು ಹೊಡೆಯುವ ಗುಂಡಿಯೇ ಇಲ್ಲ. ಒಬ್ಬರಾಟ, ಇಬ್ಬರಾಟ ಎಂದು ಎರಡು ಸ್ಟಾರ್ಟ್ ಗುಂಡಿ ಮಾತ್ರ. ಸಾವಿರ ಗೇಮ್ ತುಂಬಿಸುವ ಆಸೆಗೆ ಬಿದ್ದವರು ಆ ತಗಡಿನ ಫಲಕಕ್ಕೆ ಡ್ರಿಲ್ ಹಿಡಿದು ಆರು ಗುಂಡಿಗೆ ತೂತು ಕೊರೆಯುತ್ತಾರೆ. ಕೆಟ್ಟ ಬೋರ್ಡಿಗೆ ಬೇರೆ ಬೋರ್ಡು ಸಿಗಬಹುದು, ಕೊರೆದ ತೂತನ್ನು ವಾಪಸ್ ಕೊಡುವವರಿಲ್ಲ. ಆಸೆ ಇದ್ದರೆ ಬೇರೆ ತಗಡಿನಲ್ಲಿ ಇನ್ನೊಂದು ಫಲಕ ಮಾಡಿಸಿ, ಅದನ್ನು ಹಾಕಿ, ಹಳೆಯದನ್ನು ಬಟ್ಟೆ ಸುತ್ತಿ ಎತ್ತಿಡಿ.

ಮರದ ಕೆಲಸ ನಮ್ಮ ಬಡಗಿಗಳಿಗೆ ಎಡಗೈ ಆಟ. ಉಬ್ಬಿದ ಬುಡವನ್ನು ಇಡೀ ಬದಲಿಸುವ ಮೊದಲು ಎಷ್ಟು ಗಟ್ಟಿಯಿದೆ ಎಂದು ನೋಡಬೇಕು. ಕೊಳೆತಷ್ಟನ್ನು ತೆಗೆದು, ಅಂಟು ಕುಡಿಸಿ, ಹಿಡಿಕೆಯಲ್ಲಿ ಬಿಗಿದು, ಪುಟ್ಟಿ ಹಚ್ಚಿ ಉಜ್ಜಿದರೆ ಹೆಚ್ಚಿನವು ನಿಲ್ಲುತ್ತವೆ. ನೆಲದಿಂದ ಎತ್ತರಿಸುವ ಕಾಲು ಹಾಕಿದರೆ ಮುಂದಿನ ನೆಲ ಒರೆಸುವಿಕೆಗೆ ಹೆದರಬೇಕಾಗಿಲ್ಲ. ಬದಿಯ ಚಿತ್ರವನ್ನು ಕಾರ್ಖಾನೆಯಲ್ಲಿ ಅಂಟಿಸಿದ್ದಲ್ಲ, ಸ್ಟೆನ್ಸಿಲ್ ಇಟ್ಟು ಬಣ್ಣ ಹೊಡೆದದ್ದು. ಅಂಚು ಅಲ್ಲಲ್ಲಿ ಹರಡಿರುತ್ತದೆ. ಹಲವರು ಅದನ್ನು ಕೆರೆದು ಹೊಳೆಯುವ ಸ್ಟಿಕ್ಕರ್ ಹಚ್ಚುತ್ತಾರೆ, ಮದುವೆ ಹಾಲಿನ ಬ್ಯಾನರಿನ ಹಾಗೆ ಕಾಣುತ್ತದೆ. ಮೇಲೆ ಕಪ್ಪು ಬಣ್ಣ ಬಳಿದಿದ್ದರೂ ಅವಸರ ಮಾಡಬೇಡಿ. ತಾಳ್ಮೆಯಿಂದ ಆ ಪದರವನ್ನಷ್ಟೇ ತೆಗೆದರೆ ಅಡಿಯಲ್ಲಿ 1980ರ ಹಳದಿ ಇರುವುದು ಅಪರೂಪವಲ್ಲ. ಹಿಂಬದಿಯ ಕ್ರಮಸಂಖ್ಯೆಯ ಚೀಟಿಗೆ ಬಣ್ಣ ತಾಗದಂತೆ ಮೊದಲೇ ಟೇಪು ಅಂಟಿಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ಈ ಕೆಲಸದವರಲ್ಲಿ ಹಲವರು ಇನ್ನೊಂದನ್ನು ಮಾಡುತ್ತಾರೆ. ಕಿತ್ತ ಕಂಡೆನ್ಸರು, ಕರಟಿದ ಕನೆಕ್ಟರು, ಹಳೆಯ ಸ್ಕ್ರೂ, ಸುಟ್ಟ ಫ್ಯೂಸು, ಒಂದನ್ನೂ ಬಿಡದೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕುತ್ತಾರೆ. ಯಾವ ದಿನ ಏನು ಬದಲಿಸಿದೆ, ಎಸ್‌ಎಂಪಿಎಸ್‌ನ ಯಾವ ವಯರು ಎಲ್ಲಿಗೆ ಹೋಗಿದೆ ಎಂದು ಒಂದು ಹಾಳೆಯಲ್ಲಿ ಕೈಯಲ್ಲೇ ಬರೆದು ಅದರ ಜೊತೆ ಇಡುತ್ತಾರೆ. ಆ ಚೀಲವನ್ನು ಪೆಟ್ಟಿಗೆಯ ಒಳಗೋಡೆಗೆ, ನಾಣ್ಯದ ಡಬ್ಬದ ಹತ್ತಿರ, ಸ್ಟೇಪಲ್ ಹೊಡೆದು ಸಿಕ್ಕಿಸಿ, ಆಮೇಲೆ ಹಿಂದಿನ ಬಾಗಿಲಿಗೆ ಬೀಗ ಹಾಕುತ್ತಾರೆ.